ಗುಂಡಿ ತೋಡಿದ ಮಣ್ಣಲ್ಲೇ ಎದ್ದ ಮನೆ

ಹೆಸರಘಟ್ಟ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟು, ಒಂದು ಹಳ್ಳಿಯ ಹತ್ತಿರ ತಿರುಗಿದರೆ ಡಾಂಬರು ಮುಗಿದು ಮಣ್ಣು ದಾರಿ. ಎಡಕ್ಕೆ ರಾಗಿ ಹೊಲ, ಸಾಲಿನ ನಡುವೆ ಅವರೆ. ಬಲಕ್ಕೆ ಬಣ್ಣದ ಬಾವುಟ ನೆಟ್ಟ ಹೊಸ ಲೇಔಟು. ಎರಡರ ನಡುವೆ, ಕಲ್ಲುಕಂಬದ ಬೇಲಿಯೊಳಗೆ ಎರಡು ಎಕರೆ. ಗೇಟಿನಲ್ಲಿ ನಿಂತರೆ ಮನೆ ಕಾಣುವುದಿಲ್ಲ. ಹೊಂಗೆಯ ಹಿಂದೆ ಹೆಂಚಿನ ಅಂಚಷ್ಟೇ ಕಾಣುತ್ತದೆ.

ಎರಡು ಎಕರೆ ಎಂದರೆ 80 ಗುಂಟೆ. ಮನೆ ಹಿಡಿದಿರುವುದು 1,400 ಚದರಡಿ, ಒಂದೂವರೆ ಗುಂಟೆಯೂ ಇಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆ ಕೊಂಡು ಹುಲ್ಲುಹಾಸು, ಈಜುಕೊಳ ಮಾಡಿ ವಾರಕ್ಕೊಮ್ಮೆ ಬರುವವರು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಈ ಮನೆಯ ದಂಪತಿ ಹಾಗಲ್ಲ, ಇಲ್ಲೇ ಬದುಕುತ್ತಾರೆ. ನನಗೆ ಅದು ದೊಡ್ಡ ವಿಷಯ.

"ಒಳಗೆ ಆಮೇಲೆ ಹೋಗೋಣ, ಮೊದಲು ಇಲ್ಲಿ ಬನ್ನಿ ಸಾರ್," ಎಂದು ನಿವೃತ್ತ ಶಿಕ್ಷಕಿಯಾದ ಮನೆಯೊಡತಿ ಅಂಗಳದ ಚಪ್ಪಡಿಯೊಂದನ್ನು ತೋರಿಸಿದರು. ಕೆಳಗೆ 60 ಸಾವಿರ ಲೀಟರಿನ ತೊಟ್ಟಿ. ಮನೆ ಕಟ್ಟುವ ಮೊದಲು ತೋಡಿದ್ದು ಇದನ್ನೇ. ಮೇಲೆ ಬಂದ ಕೆಮ್ಮಣ್ಣನ್ನು ಜರಡಿ ಹಿಡಿದು, ಮರಳು ಬೆರೆಸಿ, ನೂರಕ್ಕೆ ಏಳು ಪಾಲು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ. ಸುಡುವುದಿಲ್ಲ, ನೆರಳಲ್ಲಿ ಪೇರಿಸಿ ಮೂರು ವಾರ ನೀರುಣಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ವಿದ್ಯೆಯನ್ನು ಪಳಗಿಸಿ ಕೊಟ್ಟಿತು.

ಗೋಡೆಗೆ ಗಿಲಾವು ಇಲ್ಲ. ಬೆರಳಾಡಿಸಿದರೆ ಸಣ್ಣ ಬೆಣಚುಕಲ್ಲು ತಾಕುತ್ತದೆ, ಪುಡಿ ಉದುರುವುದಿಲ್ಲ. ಇಂಥ ಗೋಡೆಗೆ ಇರಚಲು ಆಗದು. ಅದಕ್ಕೇ ಬುಡದಲ್ಲಿ ಎರಡಡಿ ಸೈಜುಗಲ್ಲು, ಮೇಲೆ ಸೂರು ಮೂರಡಿ ಮುಂದಕ್ಕೆ. ಮಳೆ ಬೀಳುವ ಮೂಲೆಯಲ್ಲಿ ಮಾತ್ರ ಒಂದು ಸಾಲು ಸವೆದಿದೆ. ಸೂರು ಅಲ್ಲಿ ಇನ್ನೊಂದಡಿ ಇಳಿಯಬೇಕಿತ್ತು.

ಒಳಗೆ ಎರಡು ಕೋಣೆ, ಅಡುಗೆಮನೆ, ಕಡಪ ಕಲ್ಲಿನ ನೆಲ. ಹೆಚ್ಚೇನಿಲ್ಲ.

ಲೆಕ್ಕವಿರುವುದು ಮಾಡಿನ ಮೇಲೆ. ಒಂದು ಮಿಲಿಮೀಟರ್ ಮಳೆ ಬಂದರೆ ಈ ಮಾಡಿನಿಂದ ಸುಮಾರು 130 ಲೀಟರ್ ಇಳಿಯುತ್ತದೆ. ಬೆಂಗಳೂರಿನ ವಾರ್ಷಿಕ ಸರಾಸರಿ 970 ಮಿಲಿಮೀಟರಿನ ಆಸುಪಾಸು. ಸೋರಿಕೆ, ಕೊಳೆ ತೊಳೆಯಲು ಬಿಡುವ ಮೊದಲ ಮಳೆ ಕಳೆದರೂ ಲಕ್ಷ ಲೀಟರಿಗೆ ಮೋಸವಿಲ್ಲ. ದಿನಕ್ಕೆ ಇನ್ನೂರು ಲೀಟರಿನಂತೆ ತುಂಬಿದ ತೊಟ್ಟಿ ಹತ್ತು ತಿಂಗಳು ಸಾಕು. ಬಚ್ಚಲ ನೀರು ಬಾಳೆಗೆ, ಕೆಸುವಿಗೆ. ತೊಟ್ಟಿ ತುಂಬಿ ಹರಿದದ್ದು ಹಿಂದಿನ ಹಳೇ ಬಾವಿಗೆ.

1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಹೆಸರಘಟ್ಟ ಕೆರೆಯಿಂದಲೇ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋಗಿದ್ದು. ಊರಿಗೆ ನೀರು ಕುಡಿಸಿದ ಈ ಸೀಮೆಯಲ್ಲಿ ಇಂದು ಬೋರ್‌ವೆಲ್ ಕೊರೆದಷ್ಟೂ ಆಳ. ಈ ಜಮೀನಿನಲ್ಲೂ ಮೊದಲು ನೀರು ಹೀರುವ ನೀಲಗಿರಿ ತೋಪಿತ್ತು. ಅದನ್ನು ಬೇರು ಸಹಿತ ಕೀಳಿಸಿದ್ದು ಮನೆ ಕಟ್ಟಿದ್ದಕ್ಕಿಂತ ಕಷ್ಟವಾಯಿತಂತೆ. ಈಗ ಅಲ್ಲಿ ನೇರಳೆ, ಹಲಸು, ಬದುವಿನುದ್ದಕ್ಕೂ ತೊಗರಿ.

ಮುಂದಿನ ಕೆಲಸ ಕೊಟ್ಟಿಗೆಯ ಮಾಡಿಗೆ ದೋಣಿ ಹಾಕಿಸುವುದು. "ಅಲ್ಲಿಂದ ಇಳಿಯೋ ನೀರು ಸುಮ್ನೆ ದಾರಿಗೆ ಹೋಗ್ತಿದೆ ಸಾರ್, ಹಸುಗಳಿಗಾದ್ರೂ ಆಗುತ್ತೆ," ಎಂದರು. ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿದ್ದಾರೆ.