ಹಂದಿಗೋಡಿನ ರೋಗವೂ ಬೀಜದ ಅಕ್ಷರಗಳೂ

೧. ವಿಷಯಪ್ರವೇಶ

ಶಿವಮೊಗ್ಗ ನಗರದ ದುರ್ಗಿಗುಡಿಯಿಂದ ಹೊರಟು ಆಯನೂರು, ಕುಂಸಿ, ಆನಂದಪುರಗಳ ಮಾರ್ಗವಾಗಿ ಸುಮಾರು ೭೦ ಕಿಲೋಮೀಟರು ನಡೆದರೆ ಸಾಗರವು ದೊರೆಯುವುದು. ಆ ತಾಲ್ಲೂಕಿಗೆ ಸೇರಿದ ಒಂದು ಸಣ್ಣ ಗ್ರಾಮ ಹಂದಿಗೋಡು. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಇನ್ನೊಂದು ಗ್ರಾಮವುಂಟು. ಈ ಎರಡು ಹೆಸರುಗಳೂ ಲೋಕದ ವೈದ್ಯಗ್ರಂಥಗಳಲ್ಲಿ ಸೇರಿಹೋಗಿವೆ. ಯಾವ ಊರೂ ಬಯಸತಕ್ಕ ಕೀರ್ತಿ ಅದಲ್ಲ. ಒಂದೊಂದು ಊರೂ ಒಂದೊಂದು ರೋಗಕ್ಕೆ ತನ್ನ ಹೆಸರನ್ನು ಕೊಡಬೇಕಾಯಿತು.

೧೯೫೭ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರೊಡನೆ ಮನುಷ್ಯರಿಗೂ ಉಗ್ರವಾದ ಜ್ವರವು ಬಂದಿತು. ಜನರು ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಉಣುಗಿನ ಕಡಿತದಿಂದ ಮೈಯೊಳಕ್ಕೆ ಸೇರುವ ಒಂದು ವೈರಸ್ಸು ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಹಿಡಿದರು. ೧೯೭೪-೭೫ರ ಸುಮಾರಿಗೆ ಹಂದಿಗೋಡಿನಲ್ಲಿ ಬೇರೊಂದು ವ್ಯಾಧಿಯು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಕೀಲುಗಳಲ್ಲಿಯೂ ಮೊಣಕಾಲುಗಳಲ್ಲಿಯೂ ನೋವು ಆರಂಭವಾಗಿ, ನಡಿಗೆಯು ವಕ್ರವಾಗಿ, ಕೆಲವರು ನೆಟ್ಟಗೆ ನಿಲ್ಲಲಾರದೆ ಹೋಗುವರು. ಕೆಲವರ ದೇಹವು ಗಿಡ್ಡಾಗಿಯೇ ಉಳಿಯುವುದು. ರೋಗಿಗಳು ಕೂಲಿಯಿಂದ ಜೀವಿಸುವ ದಲಿತ ಕುಟುಂಬಗಳವರು. ಮೈಬಲವೊಂದೇ ಆಸ್ತಿಯಾಗಿದ್ದವರಿಗೆ ಮೈಯೇ ಕೈಕೊಟ್ಟಿತು.

ಈ ಎರಡು ರೋಗಗಳಲ್ಲಿ ಮೊದಲನೆಯದು ಹೊರಗಿನಿಂದ ಬಂದುದು. ಎರಡನೆಯದು ಹುಟ್ಟಿನೊಡನೆಯೇ ಬಂದುದು. ಈ ಭೇದವನ್ನು ನಿಶ್ಚಯಿಸಿದ ಬಗೆ ಯಾವುದು, ವಂಶವಾಹಿಯೆಂದು ಈಗಿನವರು ಹೇಳುವ ಪದಾರ್ಥವು ಎಂತಹುದು, ಅದರ ಜ್ಞಾನದಿಂದ ಹಂದಿಗೋಡಿನ ಮನೆಗಳ ವಿಷಯದಲ್ಲಿ ಲೋಕವು ತಿದ್ದಿಕೊಳ್ಳಬೇಕಾದ ಭಾವನೆ ಯಾವುದು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

೨. ಏಡಿಯ ಶಂಕೆ

ರೋಗವು ಕಾಣಿಸಿಕೊಂಡ ಕಾಲದಲ್ಲಿ ಮಲೆನಾಡಿನ ಗದ್ದೆಗಳಿಗೆ ಕೀಟನಾಶಕಗಳು ಬಂದಿದ್ದವು. ಬಡವರು ಗದ್ದೆಯ ಏಡಿಗಳನ್ನು ಹಿಡಿದು ತಿನ್ನುತ್ತಿದ್ದರು. ಏಡಿಯಲ್ಲಿ ಸೇರಿದ ವಿಷವೇ ಎಲುಬನ್ನು ಕೆಡಿಸಿತೆಂಬ ಶಂಕೆಯು ಹುಟ್ಟಿತು. ಶಂಕೆಯು ಅಸಂಬದ್ಧವೇನೂ ಅಲ್ಲ. ಸೈಬೀರಿಯಾ, ಚೀನಾ ದೇಶಗಳಲ್ಲಿ ಕಂಡುಬಂದ ಕಾಶಿನ್-ಬೆಕ್ ಎಂಬ ಸಂಧಿರೋಗಕ್ಕೆ ಮಣ್ಣು ಮತ್ತು ಆಹಾರಗಳ ದೋಷವನ್ನೇ ಮುಖ್ಯವಾಗಿ ಹೇಳುವರು. ಆದರೆ ಎರಡು ಸಂಗತಿಗಳು ಒಂದೇ ಕಾಲದಲ್ಲಿ ಕಂಡಮಾತ್ರಕ್ಕೆ ಅವುಗಳಿಗೆ ಕಾರ್ಯಕಾರಣ ಸಂಬಂಧವು ಸಿದ್ಧಿಸದು. ಕಾಗೆಯು ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವನ್ನು ತಾರ್ಕಿಕರು ಬಲ್ಲರು. ಅನ್ವಯವ್ಯತಿರೇಕಗಳೆರಡೂ ಕೂಡಿದಲ್ಲಿಯೇ ಕಾರಣವು ನಿಶ್ಚಿತವಾಗುವುದು.

ಈ ಪರೀಕ್ಷೆಯಲ್ಲಿ ಆಹಾರಪಕ್ಷವು ನಿಲ್ಲಲಿಲ್ಲ. ಅದೇ ನೀರನ್ನು ಕುಡಿದು ಅದೇ ಸೀಮೆಯ ಅಕ್ಕಿಯನ್ನು ಉಣ್ಣುವ ಇತರ ಮನೆಗಳನ್ನು ರೋಗವು ಮುಟ್ಟಲಿಲ್ಲ. ಅದು ಊರಿನ ಎಲ್ಲೆಯನ್ನು ಅನುಸರಿಸದೆ ರಕ್ತಸಂಬಂಧದ ಜಾಡನ್ನು ಹಿಡಿದು ನಡೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಇವರು ೧೯೭೮ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಹೆಸರಿಸಿದರು. ಮುಂದೆ ಎಸ್. ಎಸ್. ಅಗರ್ವಾಲ್ ಮತ್ತು ಅವರ ಸಹೋದ್ಯೋಗಿಗಳು ಕ್ಷಕಿರಣಗಳಿಂದ ರೋಗಿಗಳ ಎಲುಬುಗಳನ್ನು ಪರೀಕ್ಷಿಸಿ, ೧೯೯೪ರಲ್ಲಿ ಅದರ ಲಕ್ಷಣಗಳನ್ನು ಪ್ರಕಟಿಸಿದರು. ಬೆನ್ನೆಲುಬಿನ ಕಶೇರುಗಳೂ, ಉದ್ದ ಎಲುಬುಗಳು ಬೆಳೆಯುವ ತುದಿಗಳೂ ಸರಿಯಾಗಿ ರೂಪುಗೊಳ್ಳದಿರುವುದೇ ಈ ರೋಗದ ಸ್ವರೂಪ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕೆಂಬ ಪ್ರಬಲ ಕ್ರಮದಲ್ಲಿ ಅದು ಸಂತತಿಗೆ ಇಳಿಯುವುದು.

೩. ಪ್ರಾಚೀನರ ವಿಭಾಗ

ಹುಟ್ಟಿನೊಡನೆ ಬರುವ ವ್ಯಾಧಿಯೆಂಬ ಕಲ್ಪನೆಯು ಭಾರತೀಯ ವೈದ್ಯಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯು ಸೂತ್ರಸ್ಥಾನದ ೨೪ನೆಯ ಅಧ್ಯಾಯದಲ್ಲಿ ವ್ಯಾಧಿಗಳನ್ನು ಏಳು ವಿಧವಾಗಿ ವಿಂಗಡಿಸಿ, ಶುಕ್ರಶೋಣಿತಗಳ ದೋಷದಿಂದ ಬರುವವುಗಳನ್ನು ಆದಿಬಲಪ್ರವೃತ್ತಗಳೆಂದೂ, ಗರ್ಭಿಣಿಯ ಆಹಾರವಿಹಾರಗಳ ದೋಷದಿಂದ ಬರುವವುಗಳನ್ನು ಜನ್ಮಬಲಪ್ರವೃತ್ತಗಳೆಂದೂ ಬೇರ್ಪಡಿಸುವುದು. ಹುಟ್ಟುವಾಗಲೇ ಇದ್ದುದೆಲ್ಲವೂ ವಂಶದಿಂದ ಬಂದುದಲ್ಲವೆಂಬ ಈ ವಿವೇಕವು ಇಂದಿಗೂ ಆದರಣೀಯವಾದುದು. ಚರಕಸಂಹಿತೆಯ ಶಾರೀರಸ್ಥಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀಜದಲ್ಲಿ ಯಾವ ಅಂಗಕ್ಕೆ ಸಂಬಂಧಿಸಿದ ಭಾಗವು ಕೆಡುವುದೋ ಆ ಅಂಗವೇ ವಿಕಾರಗೊಳ್ಳುವುದೆಂದೂ, ಆ ಭಾಗವು ಕೆಡದಿದ್ದರೆ ಅಂಗವಿಕಲರ ಮಗುವೂ ಅವಿಕಲವಾಗಿ ಹುಟ್ಟುವುದೆಂದೂ ಹೇಳುವುದು.

ಇಷ್ಟರಿಂದ ಈಗಿನ ಶಾಸ್ತ್ರವೆಲ್ಲವೂ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯಕ್ಕೆ ಶೋಭಿಸದು. ಅವರು ಸರಿಯಾದ ಪ್ರಶ್ನೆಯನ್ನು ಕೇಳಿದ್ದರು. ಉತ್ತರಕ್ಕೆ ಬೇಕಾದ ಸಾಧನಗಳು ಅವರಲ್ಲಿರಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಬೀಜಕ್ಷೇತ್ರ ವಿಚಾರದಲ್ಲಿ ಬೀಜಕ್ಕೇ ಪ್ರಾಧಾನ್ಯವು ಹೇಳಲ್ಪಟ್ಟಿದೆ; ತಾಯಿಯು ಕ್ಷೇತ್ರಸ್ಥಾನೀಯಳು. ಈ ಎಣಿಕೆಯು ತಪ್ಪೆಂದು ತೋರಿಸಿದುದು ಬಟಾಣಿಯ ಗಿಡ.

೪. ಮೆಂಡಲನ ಲೆಕ್ಕ

ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡಲ್ ಎಂಬ ಯತಿಯು ಎತ್ತರದ ಬಟಾಣಿಗಿಡವನ್ನೂ ಗಿಡ್ಡ ಗಿಡವನ್ನೂ ಸಂಕರಗೊಳಿಸಿದನು. ಮೊದಲ ಪೀಳಿಗೆಯ ಗಿಡಗಳೆಲ್ಲವೂ ಎತ್ತರವಾದವು. ಅವುಗಳ ಸಂತತಿಯಲ್ಲಿ ಮೂರು ಎತ್ತರದ ಗಿಡಗಳಿಗೆ ಒಂದು ಗಿಡ್ಡ ಗಿಡದ ಪ್ರಮಾಣವು ಮತ್ತೆ ಕಾಣಿಸಿತು. ಒಂದೊಂದು ಗುಣಕ್ಕೂ ಒಂದೊಂದು ಗಿಡದಲ್ಲಿ ಎರಡು ಕಾರಕಗಳಿರುವುವು, ಒಂದು ತಾಯಿಯಿಂದ, ಒಂದು ತಂದೆಯಿಂದ. ಸಂತತಿಗೆ ಇವೆರಡರಲ್ಲಿ ಒಂದು ಮಾತ್ರವೇ ಹೋಗುವುದು. ಪ್ರಬಲವಾದುದು ಒಂದೇ ಇದ್ದರೂ ಪ್ರಕಟವಾಗುವುದು, ದುರ್ಬಲವಾದುದು ಎರಡು ಕೂಡಿದಾಗ ಮಾತ್ರ ಪ್ರಕಟವಾಗುವುದು ಎಂಬುದು ಅವನ ಸಿದ್ಧಾಂತ. ೧೮೬೫ರಲ್ಲಿ ಅಲ್ಲಿನ ವಿದ್ವತ್ಸಭೆಯೊಂದರಲ್ಲಿ ಓದಿ, ಮರುವರ್ಷ ಆ ಸಭೆಯ ಪತ್ರಿಕೆಯಲ್ಲಿ ಅಚ್ಚಾದ ಈ ಲೇಖನದ ಮಹತ್ತ್ವವನ್ನು ೧೯೦೦ರವರೆಗೆ ಯಾರೂ ಅರಿಯಲಿಲ್ಲ. ವಿದ್ವತ್ಪತ್ರಿಕೆಗಳ ವಾಚಕರು ನೆನೆಯಬೇಕಾದ ಸಂಗತಿಯಿದು.

೫. ಅಕ್ಷರ, ಗಣ, ಪ್ರಸ್ತಾರ

ಮೆಂಡಲನ ಕಾರಕವು ಯಾವ ದ್ರವ್ಯದಿಂದಾದುದೆಂಬುದು ಬಹುಕಾಲ ತಿಳಿಯಲಿಲ್ಲ. ಅದು ಡಿ.ಎನ್.ಎ. ಎಂಬ ಆಮ್ಲವೆಂದು ೧೯೪೪ರಲ್ಲಿ ಏವರಿ ಮತ್ತು ಸಹೋದ್ಯೋಗಿಗಳು ತೋರಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ತೆಗೆದ ಕ್ಷಕಿರಣ ಚಿತ್ರಗಳ ಸಹಾಯದಿಂದ ವಾಟ್ಸನ್ ಮತ್ತು ಕ್ರಿಕ್ ಇವರು ೧೯೫೩ರಲ್ಲಿ ಅದರ ರಚನೆಯನ್ನು ನಿರೂಪಿಸಿದರು. ಹೆಣೆದುಕೊಂಡ ಎರಡು ಎಳೆಗಳು. ಎಳೆಯ ಉದ್ದಕ್ಕೂ ಎ, ಟಿ, ಜಿ, ಸಿ ಎಂದು ಸಂಕೇತಿಸುವ ನಾಲ್ಕೇ ಅಕ್ಷರಗಳು. ಎ ಇದ್ದಲ್ಲಿ ಎದುರು ಎಳೆಯಲ್ಲಿ ಟಿ, ಜಿ ಇದ್ದಲ್ಲಿ ಸಿ. ಆದುದರಿಂದ ಒಂದು ಎಳೆಯನ್ನು ನೋಡಿ ಇನ್ನೊಂದನ್ನು ತಪ್ಪಿಲ್ಲದೆ ಬರೆಯಬಹುದು. ಜೀವಕೋಶವು ಎರಡಾಗುವಾಗ ನಡೆಯುವುದೂ ಅದೇ.

ಮನುಷ್ಯನ ಒಂದು ಗ್ರಂಥದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳುಂಟು. ಅದು ೨೩ ಸಂಪುಟಗಳಾಗಿ ವಿಭಾಗವಾಗಿದೆ. ಒಂದೊಂದು ಸಂಪುಟವೂ ಒಂದೊಂದು ವರ್ಣತಂತು. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಹೀಗೆ ಕೋಶವೊಂದರಲ್ಲಿ ೪೬ ಸಂಪುಟಗಳು. ಸಂಪುಟದೊಳಗಿನ ಒಂದೊಂದು ಅರ್ಥವತ್ತಾದ ಪ್ರಕರಣವೇ ವಂಶವಾಹಿ. ಪ್ರೋಟೀನುಗಳನ್ನು ವಿಧಿಸುವ ಇಂತಹ ಪ್ರಕರಣಗಳು ಸುಮಾರು ೨೦,೦೦೦.

ಓದುವ ಕ್ರಮವು ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವುದು. ಲಘು, ಗುರು ಎಂಬ ಎರಡನ್ನು ಮೂರು ಸ್ಥಾನಗಳಲ್ಲಿ ಪ್ರಸ್ತರಿಸಿದರೆ ಎಂಟು ಅಕ್ಷರಗಣಗಳಾಗುವುವು. ಹಾಗೆಯೇ ನಾಲ್ಕು ಅಕ್ಷರಗಳನ್ನು ಮೂರು ಸ್ಥಾನಗಳಲ್ಲಿ ಪ್ರಸ್ತರಿಸಿದರೆ ೬೪ ಗಣಗಳಾಗುವುವು. ಇವುಗಳಲ್ಲಿ ೬೧ ಗಣಗಳು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುವುವು. ಉಳಿದ ಮೂರು ಗಣಗಳು ವಾಕ್ಯವು ಮುಗಿಯಿತೆಂಬುದರ ಚಿಹ್ನೆಗಳು. ಈ ಸಂಕೇತವನ್ನು ಬಿಡಿಸಿದವರಲ್ಲಿ ಹರಗೋವಿಂದ ಖುರಾನರು ಒಬ್ಬರು. ೧೯೬೮ರ ನೊಬೆಲ್ ಪಾರಿತೋಷಕದಲ್ಲಿ ನೀರೆನ್‌ಬರ್ಗ್ ಮತ್ತು ಹಾಲಿ ಇವರೊಡನೆ ಅವರಿಗೆ ಭಾಗವು ಸಂದಿತು. ಮೂಲಪ್ರತಿಯು ಕೋಶದ ಭಂಡಾರದಿಂದ ಹೊರಗೆ ಬರುವುದಿಲ್ಲ. ಬೇಕಾದ ಪ್ರಕರಣದ ನಕಲು ಮಾತ್ರ ಆರ್.ಎನ್.ಎ. ರೂಪದಲ್ಲಿ ಹೊರಬರುವುದು. ಅದನ್ನು ಗಣಗಣವಾಗಿ ಓದಿ, ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು ಸಿದ್ಧವಾಗುವುದು. ಮಾಂಸ, ರಕ್ತ, ತರುಣಾಸ್ಥಿಗಳ ರಚನೆಯು ಈ ಪ್ರೋಟೀನುಗಳನ್ನು ಅವಲಂಬಿಸಿದೆ.

೬. ಲೇಖಕದೋಷ

ಓಲೆಗರಿಯ ಗ್ರಂಥಗಳನ್ನು ಸಂಪಾದಿಸಿದವರಿಗೆ ಲೇಖಕದೋಷವು ಪರಿಚಿತವೇ. ಒಂದಕ್ಷರವು ಇನ್ನೊಂದಾಗುವುದು, ಒಂದು ಬಿಟ್ಟುಹೋಗುವುದು, ಒಂದು ಇಮ್ಮಡಿಸುವುದು. ಬೀಜದ ಗ್ರಂಥದಲ್ಲಿಯೂ ಇವೇ ದೋಷಗಳು. ವೃತ್ತದ ಪಾದದಲ್ಲಿ ಮೊದಲಿನ ಒಂದಕ್ಷರವು ಬಿಟ್ಟುಹೋದರೆ ಮುಂದಿನ ಗಣಗಳೆಲ್ಲವೂ ಸರಿದು ಛಂದಸ್ಸೇ ಕೆಡುವಂತೆ, ಇಲ್ಲಿಯೂ ಒಂದಕ್ಷರದ ಲೋಪದಿಂದ ಮುಂದಿನ ಪ್ರೋಟೀನೆಲ್ಲವೂ ಕೆಡಬಹುದು.

ಒಂದಕ್ಷರವು ಮಾರ್ಪಟ್ಟುದರ ಫಲಕ್ಕೆ ಎರಡು ಉದಾಹರಣೆಗಳು ಸಾಕು. ರಕ್ತದ ಹಿಮೋಗ್ಲೋಬಿನ್ನಿನ ಒಂದು ಗಣದಲ್ಲಿ ಜಿ-ಎ-ಜಿ ಎಂಬುದು ಜಿ-ಟಿ-ಜಿ ಆದರೆ ಕುಡುಗೋಲುಕಣ ರೋಗವು ಬರುವುದು. ಭಾರತದಲ್ಲಿ ಇದರ ಲಕ್ಷಣವು ೧೯೫೨ರಲ್ಲಿ ಕರ್ಣಾಟಕದ ಎಲ್ಲೆಯಲ್ಲಿರುವ ನೀಲಗಿರಿಯ ಗಿರಿಜನರಲ್ಲಿ ವರದಿಯಾಯಿತು. ಇದು ದುರ್ಬಲ ಕ್ರಮದ್ದು. ಎರಡು ಪ್ರತಿಗಳೂ ಕೆಟ್ಟಾಗ ರೋಗ. ಎಲುಬಿನ ಬೆಳೆವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ೩೮೦ನೆಯ ಗಣವು ಜಿ-ಜಿ-ಜಿ ಇದ್ದುದು ಎ-ಜಿ-ಜಿ ಆದರೆ ಏಕಾಂಡ್ರೊಪ್ಲೇಸಿಯ ಎಂಬ ವಾಮನತ್ವವು ಬರುವುದು. ಇದು ಪ್ರಬಲ ಕ್ರಮದ್ದು. ಕೆಟ್ಟ ಪ್ರೋಟೀನು ಬೆಳೆವಣಿಗೆಯನ್ನು ನಿಲ್ಲಿಸೆಂಬ ಆಜ್ಞೆಯನ್ನು ಅತಿಯಾಗಿ ಕೊಡುತ್ತಿರುವುದರಿಂದ ಇನ್ನೊಂದು ಪ್ರತಿಯು ಶುದ್ಧವಾಗಿದ್ದರೂ ಪ್ರಯೋಜನವಾಗದು. ಇಂತಹ ವಾಮನರಲ್ಲಿ ಐವರಿಗೆ ಸುಮಾರು ನಾಲ್ವರು ಸಾಮಾನ್ಯ ಎತ್ತರದ ತಂದೆತಾಯಿಗಳ ಮಕ್ಕಳೇ. ದೋಷವು ಅವರ ಬೀಜದಲ್ಲಿ ಹೊಸದಾಗಿ ಉಂಟಾದುದು.

ಹೊಸ ಪಾಠಾಂತರಗಳಿಲ್ಲದ ಮನುಷ್ಯನೇ ಇಲ್ಲ. ಹುಟ್ಟುವ ಪ್ರತಿಯೊಂದು ಶಿಶುವಿನಲ್ಲಿಯೂ ತಂದೆತಾಯಿಗಳಲ್ಲಿಲ್ಲದ ಸುಮಾರು ೬೦-೭೦ ಅಕ್ಷರಭೇದಗಳಿರುವುವು. ಬಹುಪಾಲು ನಿರುಪದ್ರವಗಳು. ಶುದ್ಧಪ್ರತಿಯೆಂಬುದು ಯಾವ ಕುಲದಲ್ಲಿಯೂ ಇಲ್ಲ.

೭. ಹಂದಿಗೋಡಿಗೆ ಅನ್ವಯ

ಪ್ರಬಲ ಕ್ರಮವೆಂದರೆ, ರೋಗಿಯಲ್ಲಿ ಸಾಮಾನ್ಯವಾಗಿ ಒಂದು ಪ್ರತಿಯು ದೋಷಯುಕ್ತವಾಗಿಯೂ ಒಂದು ಶುದ್ಧವಾಗಿಯೂ ಇರುವುದು. ಶಿಶುವಿಗೆ ಎರಡರಲ್ಲಿ ಯಾವುದಾದರೂ ಬರಬಹುದು. ಆದುದರಿಂದ ಪ್ರತಿಯೊಂದು ಗರ್ಭಕ್ಕೂ ಸಂಭವವು ಅರ್ಧಕ್ಕರ್ಧ. ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಬಂದೇ ಬರುವುದೆಂದು ಇದರ ಅರ್ಥವಲ್ಲ. ಒಬ್ಬರಿಗೂ ಬಾರದಿರಬಹುದು, ಎಲ್ಲರಿಗೂ ಬರಬಹುದು. ದೋಷಾಕ್ಷರವನ್ನು ಪಡೆಯದ ಮಗುವು ಮುಂದಿನವರಿಗೆ ಅದನ್ನು ಕೊಡಲಾರದು. ರೋಗದ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಎಲ್ಲರೂ ರೋಗವಾಹಕರೆಂಬ ಭಾವನೆಯು ಗಣಿತಕ್ಕೇ ವಿರುದ್ಧವಾದುದು.

ಇಲ್ಲಿ ಒಂದು ಆಕ್ಷೇಪವೇಳಬಹುದು: ರೋಗವು ಕೆಲವೇ ಸಮುದಾಯಗಳಲ್ಲಿ ಕಂಡುದರಿಂದ ಅದು ಜಾತಿಯ ದೋಷವೇ ಅಲ್ಲವೆ, ಅಥವಾ ರಕ್ತಸಂಬಂಧದ ವಿವಾಹದ ಫಲವಲ್ಲವೆ ಎಂದು. ಅದಕ್ಕೆ ಸಮಾಧಾನವಿದು. ಒಂದು ಕಾಲದಲ್ಲಿ ಯಾವನೋ ಒಬ್ಬ ಪೂರ್ವಿಕನ ಅಥವಾ ಪೂರ್ವಿಕಳ ಬೀಜದಲ್ಲಿ ಉಂಟಾದ ಅಕ್ಷರದೋಷವು, ವಿವಾಹಗಳು ಜಾತಿಯೊಳಗೇ ನಡೆಯುವ ಸಮಾಜದಲ್ಲಿ, ಹೊರಕ್ಕೆ ಹರಿಯದೆ ಅಲ್ಲಿಯೇ ಸುಳಿಯುವುದು. ಗೋಡೆಯನ್ನು ಕಟ್ಟಿದುದು ಸಮಾಜ. ಇನ್ನು, ಪ್ರಬಲ ಕ್ರಮದ ದೋಷಕ್ಕೆ ಒಂದು ಪ್ರತಿಯೇ ಸಾಕಾದುದರಿಂದ ಸೋದರಸಂಬಂಧವು ಅದಕ್ಕೆ ಕಾರಣವಾಗದು. ಸೋದರಸಂಬಂಧದ ಅಪಾಯವಿರುವುದು ದುರ್ಬಲ ಕ್ರಮದ ರೋಗಗಳಲ್ಲಿ. ಸೋದರಮಾವನ ಮಗಳನ್ನು ವರಿಸುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನೇ ಗುರುತಿಸಿರುವನು. ಸಗೋತ್ರವನ್ನು ನಿಷೇಧಿಸಿದವರು ಈ ಕಡೆಯ ಬಾಗಿಲನ್ನು ತೆರೆದೇ ಇಟ್ಟರು. ಈ ವಿಷಯದಲ್ಲಿ ಯಾವ ವರ್ಣದವರೂ ಇನ್ನೊಬ್ಬರಿಗೆ ಉಪದೇಶಿಸುವ ಸ್ಥಿತಿಯಲ್ಲಿಲ್ಲ.

ರೋಗವು ಅಂಟುವುದೆಂಬ ಭಯಕ್ಕೂ ಆಧಾರವಿಲ್ಲ. ಕ್ಯಾಸನೂರಿನ ವೈರಸ್ಸಿಗೂ ತನ್ನದೇ ಆದ ಆರ್.ಎನ್.ಎ. ಗ್ರಂಥವುಂಟು; ಅದು ಉಣುಗಿನ ಮೂಲಕ ದೇಹದಿಂದ ದೇಹಕ್ಕೆ ಹೋಗುವುದು. ಹಂದಿಗೋಡಿನ ಅಕ್ಷರವು ಬೀಜದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಹೋಗಲಾರದು. ರೋಗಿಯ ಕೈಯಿಂದ ನೀರು ಕುಡಿದರೂ, ಒಂದೇ ಪಂಕ್ತಿಯಲ್ಲಿ ಕೂತು ಉಂಡರೂ ಅದು ಬಾರದು. ಬೀಜದೊಳಗಿನ ಅಕ್ಷರವನ್ನು ಇಲ್ಲಿ ತಿದ್ದಲಾಗದಿದ್ದರೂ, ನೋವಿಗೆ ಶಮನ, ಕೀಲಿಗೆ ಶಸ್ತ್ರಚಿಕಿತ್ಸೆ, ದುಡಿಯಲಾರದವನಿಗೆ ಅನ್ನ ಇವು ಸಾಧ್ಯವಾದ ಕಾರ್ಯಗಳೇ.

೮. ಉಪಸಂಹಾರ

ಶಿವಮೊಗ್ಗೆಯ ಶಾಲೆಗಳಲ್ಲಿ ವಂಶವಾಹಿ ತತ್ತ್ವವನ್ನು ಕಲಿಯುವ ವಿದ್ಯಾರ್ಥಿಗೆ ಬಟಾಣಿಯ ಗಿಡದೊಡನೆ ಹಂದಿಗೋಡಿನ ಕಥೆಯನ್ನೂ ಹೇಳಬೇಕು. ಹೇಳುವಾಗ ಪದಗಳ ವಿಷಯದಲ್ಲಿ ಎಚ್ಚರವಿರಬೇಕು. ಕುಲದೋಷ, ಶಾಪ, ಪೂರ್ವಕರ್ಮ ಮೊದಲಾದ ಮಾತುಗಳು ರೋಗಿಯ ನೋವಿನ ಮೇಲೆ ಅಪರಾಧದ ಹೊರೆಯನ್ನು ಹೊರಿಸುವುವು. ಪಾಠಾಂತರವೆಂಬುದು ಸತ್ಯಕ್ಕೂ ಹತ್ತಿರವಾದ, ದಯೆಗೂ ಹತ್ತಿರವಾದ ಮಾತು. ಹಳೆಯ ಪ್ರತಿಕಾರರು ಗ್ರಂಥದ ಕೊನೆಯಲ್ಲಿ, ಮೂಲದಲ್ಲಿ ಕಂಡಂತೆ ಬರೆದಿರುವುದರಿಂದ ತಮ್ಮ ಮೇಲೆ ದೋಷವನ್ನಿಡಬಾರದೆಂದು ಬೇಡಿಕೊಳ್ಳುವ ಸಂಪ್ರದಾಯವುಂಟು. ವಿದ್ವಾಂಸರು ಆ ಬಿನ್ನಹವನ್ನು ಎಂದೂ ಮನ್ನಿಸುತ್ತ ಬಂದಿದ್ದಾರೆ. ಹಂದಿಗೋಡಿನ ಮಗುವೂ ತನಗೆ ದೊರೆತ ಮೂಲವನ್ನು ಇದ್ದಂತೆಯೇ ಪಡೆದುದು. ಅದರ ಬಿನ್ನಹವೂ ಮನ್ನಣೆಗೆ ಅರ್ಹವಾದುದೇ.