ಜನ ಬದಲಾದರೂ ಉಳಿದ ತಂಡ: ಬೆಂಗಳೂರಿನ ‘ಕ್ರಿಪ್ಟೋಸ್’

ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ನೀವು ನೋಡಿರಬಹುದು. ಹೋದ ಸಲದ ದುರ್ಯೋಧನ ಈ ಸಲ ಇರುವುದಿಲ್ಲ. ಭೀಮನ ಪಾತ್ರಧಾರಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರುತ್ತಾನೆ. ಆದರೂ ಹಾರ್ಮೋನಿಯಂ ಮೇಷ್ಟ್ರು ಹೊಸಬರನ್ನು ಕೂರಿಸಿಕೊಂಡು ಮಟ್ಟು ಕಲಿಸುತ್ತಾರೆ, ನಾಟಕ ನಡೆಯುತ್ತದೆ. ಹಾಗಾದರೆ ತಂಡ ಎಂದರೆ ಬಂದುಹೋಗುವ ಜನರೇ, ಅಥವಾ ಅವರು ಕಲಿತು ಕಲಿಸುವ ಕಲೆಯೇ? ನಮ್ಮ ಪಕ್ಕದ ಬೆಂಗಳೂರು ನಗರದ ಒಂದು ಹೆವಿ ಮೆಟಲ್ ತಂಡವೂ ಇದೇ ಪ್ರಶ್ನೆಯನ್ನು ಎದುರಿಸಿದೆ.

ಹೆವಿ ಮೆಟಲ್ ಎಂದರೇನು?

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ‘ಬ್ಲ್ಯಾಕ್ ಸಬ್ಬತ್’ ತಂಡ ಹುಟ್ಟಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಅದಕ್ಕೂ ಮುನ್ನ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಬೆರಳಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಿ, ತೆಳು ತಂತಿ ಬಳಸಿ, ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿ ನುಡಿಸಿದರು. ಆ ತಗ್ಗಿದ, ಭಾರವಾದ ನಾದವೇ ಈ ಸಂಗೀತದ ಗುರುತಾಯಿತು.

ಮುಂದೆ ಇದರಲ್ಲಿ ಹಲವು ಕವಲುಗಳು ಒಡೆದವು. ಯಂತ್ರಗಳ ಸದ್ದನ್ನೂ ಎಲೆಕ್ಟ್ರಾನಿಕ್ ತಾಳವನ್ನೂ ಬೆರೆಸುವ ಕವಲು ‘ಇಂಡಸ್ಟ್ರಿಯಲ್ ಮೆಟಲ್’. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಬೆಳೆದವರಿಗೆ ಆ ಲಯ ತೀರ ಹೊಸದೆನಿಸದು. ಕ್ರಿಪ್ಟೋಸ್ ತಂಡ ಈ ಕವಲಿಗೆ ಸೇರಿದ್ದಲ್ಲ. ಎರಡು ಗಿಟಾರುಗಳು ಜೊತೆಯಾಗಿ ನಡೆಯುವ, 1980ರ ದಶಕದ ಹಳೆಯ ಶೈಲಿ ಅದರದು.

ಬಂದವರು, ಹೋದವರು

1998ರಲ್ಲಿ ಗಿಟಾರ್ ವಾದಕ ನೋಲನ್ ಲೂಯಿಸ್ ಮತ್ತು ಬಾಸ್ ಗಿಟಾರ್ ನುಡಿಸುವ ಗಣೇಶ್ ಕೃಷ್ಣಸ್ವಾಮಿ ಸೇರಿ ಕ್ರಿಪ್ಟೋಸ್ ಕಟ್ಟಿದರು. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಹೊರಬಂದದ್ದು 2004ರಲ್ಲಿ. ನಂತರ 2008, 2012, 2016ರಲ್ಲಿ ಒಂದೊಂದು, ಅಂದರೆ ಆಲ್ಬಮಿನಿಂದ ಆಲ್ಬಮಿಗೆ 4 ವರ್ಷ. ಈ ಬಗೆಯ ಸಂಗೀತಕ್ಕೆ ನಮ್ಮಲ್ಲಿ ಕೇಳುಗರು ಕಡಿಮೆ, ಹಣವೂ ಕಡಿಮೆ. ಹೀಗಾಗಿ ಹೆಚ್ಚಿನ ಕಲಾವಿದರು ಹೊಟ್ಟೆಪಾಡಿಗೆ ಬೇರೆ ಉದ್ಯೋಗ ನೋಡಿಕೊಳ್ಳಲೇಬೇಕಾಗುತ್ತದೆ.

ಇಷ್ಟು ಕಾಲದಲ್ಲಿ ಜನ ಬದಲಾಗದೆ ಇರುತ್ತಾರೆಯೇ? ಆರಂಭದಲ್ಲಿ ಹಾಡುತ್ತಿದ್ದವರು ಗಣೇಶ್. ಕ್ರಮೇಣ ಪ್ರಧಾನ ಗಾಯನ ನೋಲನ್ ಅವರ ಪಾಲಿಗೆ ಬಂತು. ಎರಡನೆಯ ಗಿಟಾರಿಗೆ ರೋಹಿತ್ ಚತುರ್ವೇದಿ ಬಂದು ನೆಲೆನಿಂತರು. ನಡುವೆ ಗಣೇಶ್ ತಂಡದಿಂದ ಹೊರಗಿದ್ದಾಗ ಜಯವಂತ್ ತಿವಾರಿ ಬಾಸ್ ನುಡಿಸಿದರು. ಬಳಿಕ ಗಣೇಶ್ ಮರಳಿದರು. ಡ್ರಮ್ಸ್ ಹಿಂದೆ ಕುಳಿತವರಂತೂ ಹಲವರು: ರಯಾನ್ ಕೊಲಾಸೊ, ಆಂಥೊನಿ ಹೂವರ್, ವಿಜಿತ್ ಸಿಂಗ್ ಅವರಲ್ಲಿ ಕೆಲವರು.

ಡ್ರಮ್ಸ್ ನುಡಿಸುವವರು ಬದಲಾಗುವುದು ಸಣ್ಣ ಮಾತಲ್ಲ. ಹಾಡಿನ ವೇಗ, ನಿಲುಗಡೆ, ಏರಿಳಿತ ಎಲ್ಲವೂ ಅವರ ಕೈಯಲ್ಲಿರುತ್ತವೆ. ಹೊಸಬರು ಬಂದಾಗ ಹಳೆಯ ಹಾಡುಗಳನ್ನೆಲ್ಲ ಮೊದಲಿನಿಂದ ಅಭ್ಯಾಸ ಮಾಡಬೇಕು. ಉಳಿದವರಿಗೆ ಆ ಹಾಡುಗಳು ಬಾಯಿಪಾಠವಾಗಿದ್ದರೂ ಬೇಸರಿಸದೆ ಜೊತೆಗೆ ಕೂರಬೇಕು. ಅನೇಕ ತಂಡಗಳು ಮುರಿಯುವುದು ಇಲ್ಲಿಯೇ.

ಜರ್ಮನಿಯ ಹಳ್ಳಿಯಲ್ಲಿ

2010ರಲ್ಲಿ ಕ್ರಿಪ್ಟೋಸ್ ಯುರೋಪ್ ಪ್ರವಾಸ ಮಾಡಿತು. ಭಾರತದ ಮೆಟಲ್ ತಂಡವೊಂದು ಹಾಗೆ ಹೋದದ್ದು ಅದೇ ಮೊದಲು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ವಾಕೆನ್ ಸುಮಾರು 2 ಸಾವಿರ ಜನರ ಹಳ್ಳಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಯಲು ತುಂಬುವಂತೆ, ಅಲ್ಲಿನ ಹೊಲಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಹತ್ತಾರು ಸಾವಿರ ಜನ ಡೇರೆ ಹಾಕಿ ಸಂಗೀತ ಕೇಳುತ್ತಾರೆ. 2016ರಿಂದ ಜರ್ಮನಿಯ ಎ.ಎಫ್.ಎಂ. ರೆಕಾರ್ಡ್ಸ್ ಸಂಸ್ಥೆಯೇ ಇವರ ಆಲ್ಬಮ್‌ಗಳನ್ನು ಹೊರತಂದಿತು. 2019 ಮತ್ತು 2021ರ ಆಲ್ಬಮ್‌ಗಳ ನಂತರ 2024ರಲ್ಲಿ ಏಳನೆಯದಾದ ‘ಡೆಸಿಮೇಟರ್’ ಬಂತು.

ನಮಗೇನು ಪಾಠ?

ಕಾಲೇಜಿನಲ್ಲಿ ಕಟ್ಟಿದ ಎಷ್ಟೋ ವಾದ್ಯತಂಡಗಳು ಅಂತಿಮ ವರ್ಷದ ಪರೀಕ್ಷೆಯೊಂದಿಗೆ ಮುಗಿದುಹೋಗುತ್ತವೆ. ಒಬ್ಬನಿಗೆ ನೌಕರಿ, ಇನ್ನೊಬ್ಬನಿಗೆ ಮನೆಯ ಜವಾಬ್ದಾರಿ. ಹೋಗುವವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಹಾಡುಗಳು ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅವರೊಡನೆ ಹಾಡೂ ಹೋಗುತ್ತದೆ. ಎಲ್ಲರಿಗೂ ಗೊತ್ತಿದ್ದರೆ ಹೊಸಬರಿಗೆ ಕಲಿಸಬಹುದು. ಹೋದವರು ಮರಳಿ ಬಂದರೆ ಅವರಿಗೂ ಜಾಗವಿರುತ್ತದೆ.

ನಿಮ್ಮೂರಿನ ನಾಟಕದ ಮೇಷ್ಟ್ರನ್ನು ಒಮ್ಮೆ ಕೇಳಿ ನೋಡಿ: ಇದುವರೆಗೆ ಎಷ್ಟು ಮಂದಿ ಭೀಮಂದಿರಿಗೆ ಅವರು ಪದ ಕಲಿಸಿದ್ದಾರೆ?