ಕತ್ತರಿ ಕಾದ ಮಾವ

ಅನುವಾದಕ್ಕೆ ಕೂತಾಗ ಇಂಗ್ಲಿಷಿನ ಒಂದು ವಿಶೇಷಣ ಅಡ್ಡ ಬಂತು: ಅವಂಕ್ಯುಲರ್. ಹಿರಿಯ ಅಧಿಕಾರಿ ಹೊಸ ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟು ಬುದ್ಧಿ ಹೇಳುವ ಸಂದರ್ಭ. ದನಿಯಲ್ಲಿ ಸಲಿಗೆಯಿದೆ, ತುಸು ದೊಡ್ಡಸ್ತಿಕೆಯೂ ಇದೆ. ನಿಘಂಟು ತೆಗೆದರೆ ‘ಅಂಕಲ್‌ನಂಥ’ ಎಂದಿತ್ತು. ಯಾವ ಅಂಕಲ್? ದೊಡ್ಡಪ್ಪನೋ, ಕಾಕಾನೋ, ಮಾವನೋ? ‘ಚಿಕ್ಕಪ್ಪನಂಥ ದನಿ’ ಎಂದು ಬರೆದು ಮುಂದೆ ಹೋದೆ.

ಅದೇ ವಾರ ತಂಗಿಯ ಮಗನ ಜಾವಳ. ನಮ್ಮದು ಆಳಂದ ತಾಲೂಕು, ಅವಳನ್ನು ಕೊಟ್ಟದ್ದು ಜೇವರ್ಗಿ ಕಡೆ. ಎರಡೂ ಮನೆಗೆ ನಡೆದುಕೊಳ್ಳುವ ದೇವರು ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತ. ಅಮರ್ಜಾ ಬಂದು ಭೀಮೆಗೆ ಕೂಡುವ ಸಂಗಮಕ್ಕೆ ನಾನು ಮುಟ್ಟುವಾಗ ಒಂದು ತಾಸು ತಡವಾಗಿತ್ತು. ಕ್ಷೌರದವನು ಕತ್ತರಿ ತೊಳೆದಿಟ್ಟುಕೊಂಡು ಎರಡನೇ ಬೀಡಿ ಹಚ್ಚಿದ್ದ. ಕೂಸಿನ ಕಾಕಾ, ದೊಡ್ಡಪ್ಪ ಇಬ್ಬರೂ ‘ನಾವೇ ತೊಡಿ ಮ್ಯಾಲ ಕೂಡಿಸ್ಕೋತೀವಿ’ ಅಂದರೂ ಬೀಗರ ಮನೆಯ ಮುದುಕಿ ಬಿಟ್ಟಿರಲಿಲ್ಲ.

“ನೀವೆಲ್ಲಾ ಅಪ್ಪಂದಿರೇ ಅಲ್ಲೇನ್ರೋ? ಸ್ವಾದರಮಾವ ಬರೋತನಕ ಕತ್ತರಿ ಮುಟ್ಟಂಗಿಲ್ಲ.”

ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಮೊದಲ ಎಳೆ ವೀಳ್ಯದೆಲೆಯ ಮೇಲೆ ಬೀಳುವ ಮುಂಚೆಯೇ ನನ್ನ ಹೊಸ ಪ್ಯಾಂಟು ಒದ್ದೆಯಾಯಿತು. ಹೆಂಗಸರೆಲ್ಲ ನಕ್ಕರು. ನನ್ನ ತಲೆಯಲ್ಲಿ ಮಾತ್ರ ಮುದುಕಿಯ ಮಾತೇ ಕೂತಿತ್ತು: ಅವರೆಲ್ಲಾ ಅಪ್ಪಂದಿರು.

ಮನೆಗೆ ಬಂದು ಆ ಇಂಗ್ಲಿಷ್ ಪದದ ಬೇರು ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಅವಸ್’ ಅಂದರೆ ಅಜ್ಜ. ‘ಅವಂಕ್ಯುಲಸ್’ ಅಂದರೆ ಚಿಕ್ಕಜ್ಜ, ಆದರೆ ಕರೆಯುತ್ತಿದ್ದದ್ದು ತಾಯಿಯ ತಮ್ಮನನ್ನು, ಅಣ್ಣನನ್ನು. ತಂದೆಯ ಅಣ್ಣತಮ್ಮಂದಿರಿಗೆ ಬೇರೆ ಹೆಸರು, ‘ಪತ್ರುವಸ್’. ರೋಮನ್ನರ ಬಾಯಲ್ಲಿ ಈ ಪತ್ರುವಸ್ ಸದಾ ಗದರುವ ಮುಖದವನು. ಹಳೆಯ ಇಂಗ್ಲಿಷಿನಲ್ಲೂ ಈ ಇಬ್ಬರಿಗೆ ಎರಡು ಪದಗಳಿದ್ದವು. ಅವಂಕ್ಯುಲಸ್ ಫ್ರೆಂಚಿನ ಮೂಲಕ ‘ಅಂಕಲ್’ ಆಗಿ ಬಂದು ಎರಡನ್ನೂ ನುಂಗಿಹಾಕಿತು. ಅಂದರೆ ಈ ವಿಶೇಷಣದ ಸಲಿಗೆ ಹುಟ್ಟಾ ಸೋದರಮಾವನದು, ನಾನು ಅದನ್ನು ಒಯ್ದು ಚಿಕ್ಕಪ್ಪನಿಗೆ ಕೊಟ್ಟಿದ್ದೆ!

ಮುದುಕಿ ಹೇಳಿದ್ದನ್ನು ಪುಸ್ತಕಕ್ಕೆ ಏರಿಸಿದವನು ಅಮೆರಿಕದ ರಾಚೆಸ್ಟರಿನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್. ಇರೊಕ್ವಾ ಮೂಲನಿವಾಸಿಗಳು ತಂದೆಯ ಸೋದರನನ್ನೂ ‘ತಂದೆ’ ಎನ್ನುವುದನ್ನು, ತಾಯಿಯ ಸೋದರನಿಗೆ ಮಾತ್ರ ಬೇರೆ ಪದವಿಡುವುದನ್ನು ಅವನು ಗಮನಿಸಿದ್ದ. ಅದು ಆ ಒಂದು ಜನದ ವಿಚಿತ್ರ ಪದ್ಧತಿ ಎಂದುಕೊಂಡಿದ್ದವನಿಗೆ 1858ರಲ್ಲಿ ಮಿಷಿಗನ್ನಿನ ಮಾರ್ಕ್ವೆಟ್ ಊರಿನಲ್ಲಿ, ಬೇರೆಯೇ ನುಡಿಯ ಒಜಿಬ್ವಾಗಳಲ್ಲೂ ಅದೇ ಲೆಕ್ಕ ಸಿಕ್ಕಿತು. ಮರುವರ್ಷ, ಆರ್ಕಾಟಿನಲ್ಲಿದ್ದ ಮಿಷನರಿ ಹೆನ್ರಿ ಸ್ಕಡರ್ ಅಮೆರಿಕಕ್ಕೆ ಬಂದಿದ್ದಾಗ ಅವನಿಂದ ತಮಿಳಿನ ಸಂಬಂಧಪದಗಳನ್ನು ಕೇಳಿ ತಿಳಿದ. ದೊಡ್ಡ ತಂದೆ, ಚಿಕ್ಕ ತಂದೆ, ಅವರ ಮಕ್ಕಳು ಅಣ್ಣತಮ್ಮಂದಿರು. ಮಾವ ಬೇರೆ, ಮಾವನ ಮಕ್ಕಳೂ ಬೇರೆ. ಅರ್ಧ ಭೂಮಿಯಾಚೆಯೂ ಅದೇ ಜೋಡಣೆ! ಪ್ರಶ್ನೆಗಳ ಪಟ್ಟಿ ಅಚ್ಚುಹಾಕಿಸಿ ಸ್ಮಿತ್ಸೋನಿಯನ್ ಸಂಸ್ಥೆಯ ನೆರವಿನಿಂದ ದೇಶದೇಶಕ್ಕೆ ಕಳಿಸಿದ. ಕನ್ನಡದ ಉತ್ತರವೂ ಅದರಲ್ಲಿ ಸೇರಿತು. 1862ರಲ್ಲಿ ಇದೇ ಕೆಲಸಕ್ಕೆಂದು ಮಿಸ್ಸೌರಿ ನದಿಯ ಮೇಲೆ ಹೋಗಿದ್ದಾಗ ಊರಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು ಜ್ವರದಿಂದ ತೀರಿಕೊಂಡರು. ಪುಸ್ತಕ 1871ರಲ್ಲಿ ಹೊರಬಂತು.

ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಹೋದವರು ಎನ್ನುವುದಕ್ಕೆ ಈ ಹೋಲಿಕೆಯೇ ಸಾಕ್ಷಿ ಎಂದ ಮಾರ್ಗನ್. ಆ ಸಾಕ್ಷಿ ನಿಲ್ಲಲಿಲ್ಲ. ಪದಗಳ ಲೆಕ್ಕ ಉಳಿಯಿತು. ಇರೊಕ್ವಾಗಳಲ್ಲಿಲ್ಲದ ಒಂದು ಗಂಟು ಮಾತ್ರ ನಮ್ಮಲ್ಲಿದೆ: ಮಾವನ ಮಗಳನ್ನು ಮದುವೆಯಾಗುವುದು. ಆದ್ದರಿಂದಲೇ ನಮಗೆ ತಾಯಿಯ ಅಣ್ಣನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಕ್ಕನ ಮಗಳನ್ನು ತರುವುದೂ ಉಂಟು. 1955ರ ಹಿಂದೂ ವಿವಾಹ ಕಾಯ್ದೆ ಮಾವ, ಕಾಕಾ ಎಂದು ನೋಡದೆ ‘ಅಂಕಲ್’ ಎಂಬ ಒಂದೇ ಪದದಲ್ಲಿ ಇಬ್ಬರಿಗೂ ಬೇಲಿ ಹಾಕಿ, ರೂಢಿ ಇದ್ದರೆ ಆಗಬಹುದು ಎಂದು ಸಂದಿ ಬಿಟ್ಟಿದೆ. ಆ ಸಂದಿಯಲ್ಲಿ ದಾಟಿ ಬರುವವನು ಮಾವ. ಕಾಕಾ ಆ ಕಡೆ ಹಾಯುವುದೂ ಇಲ್ಲ.

ಆಳಂದದ ಪೇಟೆಯಲ್ಲಿ ಮರಾಠಿಯವರು ಕಾಕಾ, ಮಾಮಾ ಅನ್ನುತ್ತಾರೆ. ದಖ್ಖನಿಯವರು ಚಾಚಾ, ಮಾಮೂ. ಮೂರು ನುಡಿಯಲ್ಲೂ ಇಬ್ಬರೂ ಬೇರೆ ಬೇರೆ.

ಹಸ್ತಪ್ರತಿಯಲ್ಲಿ ಚಿಕ್ಕಪ್ಪನನ್ನು ಹೊಡೆದುಹಾಕಿ ‘ಮಾವನಂಥ ಸಲಿಗೆ’ ಎಂದು ತಿದ್ದಿದೆ. ಕರಡು ತಿದ್ದುವವರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: ‘ಯಾವ ಮಾವ? ಹೆಣ್ಣು ಕೊಟ್ಟವರೋ?’ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ ಎಂದು ಬರೆದೆ, ಅಳಿಸಿದೆ. ‘ಸೋದರ’ ಸೇರಿಸಿ ಕಳಿಸಿದೆ.